ಬುಲೆಟ್ ಪ್ರೂಫ್ ಜಾಕೆಟ್ ಹಾಕಿಕೊಂಡರೆ ಕೇಸ್ ಆಗುತ್ತಾ?

ಪ್ರಶ್ನೆ (ತೊಗರಿ ವ್ಯಾಪಾರಿ, ಕಲಬುರಗಿ ಗಂಜ್):
ವಕೀಲ ಸಾಹೇಬರೇ, ಸೀಸನ್‌ನಲ್ಲಿ ಅಂಗಡಿ ಮುಚ್ಚಿ ನಗದು ತೆಗೆದುಕೊಂಡು ಬೈಕ್ ಮೇಲೆ ಮನೆಗೆ ಹೋಗುತ್ತೇನೆ. 2025ರ ಜನವರಿಯಲ್ಲಿ ಬೀದರ್‌ನಲ್ಲಿ ಎಟಿಎಂಗೆ ಹಣ ತುಂಬಲು ಬಂದವರ ಮೇಲೆ ಹಾಡಹಗಲೇ ಗುಂಡು ಹಾರಿಸಿ ಹಣ ಎತ್ತಿಕೊಂಡು ಹೋದರಲ್ಲ, ಅವತ್ತಿನಿಂದ ಮನೆಯವರಿಗೆ ಸಮಾಧಾನ ಇಲ್ಲ. ಬುಲೆಟ್ ಪ್ರೂಫ್ ಜಾಕೆಟ್ ತಗೋ ಅಂತ ಮಗ ಹಟ ಹಿಡಿದಿದ್ದಾನೆ. ಅದಕ್ಕೆ ಬಂದೂಕಿನ ಹಾಗೆ ಲೈಸೆನ್ಸ್ ಬೇಕಾ?

ಉತ್ತರ (ವಕೀಲ, ಕಲಬುರಗಿ):
ಜಾಕೆಟ್ ಹಾಕಿಕೊಂಡದ್ದೇ ತಪ್ಪು ಅನ್ನುವ ಕಲಂ 1959ರ ಆಯುಧ ಕಾಯ್ದೆಯಲ್ಲಿ ಇಲ್ಲ. ಆ ಕಾಯ್ದೆ ಹಿಡಿಯುವುದು ಬಂದೂಕು, ಮದ್ದುಗುಂಡು, ಹರಿತವಾದ ಆಯುಧಗಳನ್ನು. ಸಾದಾ ಲಾಠಿಯನ್ನೂ ಅದು ಹೊರಗಿಟ್ಟಿದೆ. ಬಿಲ್ ಇಟ್ಟುಕೊಳ್ಳಿ, ನಾಕಾಬಂದಿಯಲ್ಲಿ ಕೇಳಿದರೆ ಯಾಕೆ ಹಾಕಿದ್ದೀರಿ ಅಂತ ನೇರವಾಗಿ ಹೇಳಿ. ಮುಚ್ಚಿಡಲು ಹೋದರೆ ಸುಮ್ನೆ ಅನುಮಾನ ಜಾಸ್ತಿ.

ಆದರೆ ನಿಮ್ಮ ದಾರಿಯಲ್ಲಿ ಎದುರಾಗುವವನ ಕೈಯಲ್ಲಿ ಪಿಸ್ತೂಲಿಗಿಂತ ಚಾಕುವೋ ಮಚ್ಚೋ ಇರುವ ಸಾಧ್ಯತೆಯೇ ಜಾಸ್ತಿ. ಮೆತ್ತನೆ ಜಾಕೆಟ್‌ನಲ್ಲಿ ಕೆವ್ಲಾರ್‌ನಂಥ ನೂಲಿನ ಪದರಗಳಿರುತ್ತವೆ. ಮೊಂಡು ತುದಿಯ ಗುಂಡನ್ನು ಆ ನೂಲು ಹಿಡಿದು ಅದರ ಪೆಟ್ಟನ್ನು ಅಗಲಕ್ಕೆ ಹರಡುತ್ತದೆ. ಚೂಪು ಚಾಕು ನೂಲಿನ ಸಂದಿಯಲ್ಲೇ ನುಗ್ಗಬಹುದು. ಅದಕ್ಕೇ ಇರಿತ ತಡೆಯುವ ಜಾಕೆಟ್‌ಗೆ ಅಮೆರಿಕದಲ್ಲಿ ಬೇರೆಯೇ ಪರೀಕ್ಷೆ ಇದೆ. ರೈಫಲ್ ಗುಂಡಿಗಂತೂ ಸೆರಾಮಿಕ್ ಅಥವಾ ಉಕ್ಕಿನ ಗಟ್ಟಿ ಪ್ಲೇಟ್ ಬೇಕು. ನಮ್ಮ ಮೇ ತಿಂಗಳ ಬಿಸಿಲಲ್ಲಿ ಅದನ್ನು ಹೊತ್ತು ಬೈಕ್ ಓಡಿಸುತ್ತೀರಾ?

ಪ್ರಶ್ನೆ (ವಿದ್ಯಾರ್ಥಿ, ಬೀದರ್):
ಸರ್, ನ್ಯೂಯಾರ್ಕ್‌ನಲ್ಲಿ ಸಾಮಾನ್ಯ ಜನರಿಗೆ ಇದನ್ನು ಮಾರುವಂತಿಲ್ಲವಂತೆ. ರೌಡಿಗಳ ಕೈಗೆ ಸಿಗಬಾರದು ಅಂದರೆ ನಮ್ಮಲ್ಲೂ ಹಾಗೇ ಮಾಡಬೇಕಲ್ವಾ?

ಉತ್ತರ:
ಅಲ್ಲಿ ಆದದ್ದು ಕೇಳಿ. 2022ರ ಮೇ 14ರಂದು ನ್ಯೂಯಾರ್ಕ್ ರಾಜ್ಯದ ಬಫಲೋ ಊರಿನ ಸೂಪರ್ ಮಾರ್ಕೆಟ್‌ನಲ್ಲಿ ಒಬ್ಬ 10 ಜನ ಕಪ್ಪು ಜನಾಂಗದವರನ್ನು ಕೊಂದ. ಕಾವಲಿಗಿದ್ದ ನಿವೃತ್ತ ಪೊಲೀಸ್ ಅಧಿಕಾರಿ ಅವನಿಗೆ ಗುಂಡು ಹೊಡೆದರು, ತಗುಲಿತು ಕೂಡ. ಕವಚ ಅದನ್ನು ತಡೆಯಿತು, ಆ ಅಧಿಕಾರಿಯೇ ಪ್ರಾಣ ಬಿಟ್ಟರು. ಕೆಲವೇ ವಾರಗಳಲ್ಲಿ ರಾಜ್ಯ ಕಾನೂನು ತಂದಿತು: ಪೊಲೀಸರಂಥ ಕೆಲವು ವೃತ್ತಿಯವರಿಗೆ ಬಿಟ್ಟು ಬೇರೆಯವರಿಗೆ ಮಾರಾಟ ಇಲ್ಲ. ತಮಾಷೆ ಅಂದರೆ, ಅವಸರದಲ್ಲಿ ಬರೆದ ಆ ಕಾನೂನು ಮೆತ್ತನೆ ಜಾಕೆಟ್ ಮಾತ್ರ ಹಿಡಿಯಿತು. ಆ ಹಂತಕ ಹಾಕಿದ್ದ ಉಕ್ಕಿನ ಪ್ಲೇಟ್ ಹೊರಗೇ ಉಳಿಯಿತು! ಆಮೇಲೆ ತಿದ್ದಿದರು. ಅಮೆರಿಕದ ಕೇಂದ್ರ ಕಾನೂನು ನಿಷೇಧಿಸುವುದು ಹಿಂಸೆಯ ಗಂಭೀರ ಅಪರಾಧದಲ್ಲಿ ಶಿಕ್ಷೆಯಾದವರಿಗೆ. ಕೆನಡಾದ ಆಲ್ಬರ್ಟಾ, ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯಗಳಲ್ಲಿ ಪರವಾನಗಿ ಬೇಕು.

ಪೊಲೀಸರ ಆತಂಕ ಸುಳ್ಳಲ್ಲ. ಆದರೂ ನನ್ನ ಮಟ್ಟಿಗೆ ಹೇಳುವುದಾದರೆ, ಪೂರ್ತಿ ನಿಷೇಧ ಸರಿಯಲ್ಲ. ಯಾರ ಮೈಗೂ ಗಾಯ ಮಾಡದ ವಸ್ತುವನ್ನು ಹೆದರಿದ ವ್ಯಾಪಾರಿಯಿಂದ ಕಿತ್ತುಕೊಳ್ಳುವುದು ಯಾವ ನ್ಯಾಯ? ಗುರುತಿನ ಚೀಟಿ ನೋಡಿ ಮಾರಲಿ, ಹೆಸರು ದಾಖಲಾಗಲಿ, ಸುಲಿಗೆ, ಕೊಲೆಯಲ್ಲಿ ಶಿಕ್ಷೆಯಾದವನಿಗೆ ಬೇಡ. ಅಷ್ಟು ಸಾಕು.

ಪ್ರಶ್ನೆ (ರೈತ, ಶಹಾಪುರ, ಯಾದಗಿರಿ ಜಿಲ್ಲೆ):
ನಮಗೆ ಜಾಕೆಟ್ ಬೇಡ್ರಿ, ಬಡಿಗೆ ಇದೆ. ರಾತ್ರಿ ಹೊಲದ ಮನೆಗೆ ಕಳ್ಳರು ನುಗ್ಗಿದರೆ ಹೊಡೆಯಬಹುದಾ? ಹೊಡೆದರೆ ನಾವೇ ಒಳಗೆ ಹೋಗ್ತೀವಿ ಅಂತಾರೆ.

ಉತ್ತರ:
ಹೊಡೆಯಬಹುದು. ಈ ಹಕ್ಕಿನ ಬಗ್ಗೆ ನಮ್ಮ ಕಡೆ ಜನ ವಿನಾಕಾರಣ ಹೆದರುತ್ತಾರೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಂಗಳು ಇದಕ್ಕೇ ಇವೆ. ಹಳೇ ಐಪಿಸಿಯಲ್ಲಿ 96ರಿಂದ 106. ಸೂರ್ಯ ಮುಳುಗಿದ ಮೇಲೆ, ಹುಟ್ಟುವ ಮೊದಲು ಮನೆ ಒಡೆದು ನುಗ್ಗಿದವನ ವಿಷಯದಲ್ಲಿ ಈ ಹಕ್ಕು ಅವನ ಪ್ರಾಣ ಹೋಗುವವರೆಗೂ ಚಾಚುತ್ತದೆ, ಕಲಂ 41. ಆಸಿಡ್ ದಾಳಿ, ಅತ್ಯಾಚಾರ, ಅಪಹರಣದ ಎದುರೂ ಅಷ್ಟೇ, ಅದು ಕಲಂ 38. ಹೇಡಿಯಂತೆ ಓಡಲೇಬೇಕು ಅಂತ ಕಾನೂನು ಹೇಳುವುದಿಲ್ಲ ಎಂದು 2010ರ ದರ್ಶನ್ ಸಿಂಗ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಬಿಡಿಸಿ ಹೇಳಿದೆ.

ಜನ ಸಿಕ್ಕಿಬೀಳುವುದು ಎಲ್ಲಿ ಗೊತ್ತಾ? ಕಳ್ಳ ಸಿಕ್ಕ, ಕಂಬಕ್ಕೆ ಕಟ್ಟಿದರು, ಊರೆಲ್ಲ ಸೇರಿ ಬಡಿದರು. ಕಟ್ಟಿಹಾಕಿದವನಿಂದ ಇನ್ನೇನು ಅಪಾಯ? ಆಮೇಲಿನ ಒಂದೊಂದು ಏಟೂ ನೀವು ಮಾಡಿದ ಅಪರಾಧ. ಓಡಿಹೋಗುತ್ತಿದ್ದವನ ಬೆನ್ನಿಗೆ ಏಟು ಬಿದ್ದರೂ ಅದನ್ನು ಆತ್ಮರಕ್ಷಣೆ ಅಂತ ಸಾಧಿಸುವುದು ಕಷ್ಟ. ಕೋರ್ಟಿನಲ್ಲಿ ನಾವು ಮೊದಲು ನೋಡುವುದೇ ಗಾಯ ಮುಂದೆ ಇದೆಯಾ, ಹಿಂದೆ ಇದೆಯಾ ಅಂತ. 112ಕ್ಕೆ ಫೋನ್ ಮಾಡಿ. ಕರೆಯ ಸಮಯ ದಾಖಲಾಗುತ್ತದೆ, ಮುಂದೆ ಅದೇ ನಿಮ್ಮ ಪರ ಸಾಕ್ಷಿ.

ಪ್ರಶ್ನೆ (ಗೃಹಿಣಿ, ಕಲಬುರಗಿ):
ಪೆಪ್ಪರ್ ಸ್ಪ್ರೇ?

ಉತ್ತರ:
ಇಟ್ಟುಕೊಳ್ಳಿ ಮೇಡಂ. ಆದರೆ ಜಾಗದ ಜಗಳ, ಬಾಯಿ ಜಗಳಕ್ಕೆಲ್ಲ ಹೊಡೆಯಬೇಡಿ. ಅಂಥದೊಂದು ಕೇಸನ್ನು ರದ್ದು ಮಾಡಲು 2024ರಲ್ಲಿ ನಮ್ಮ ಹೈಕೋರ್ಟ್ ಒಪ್ಪಲಿಲ್ಲ. ಜೀವಕ್ಕೆ ತಕ್ಷಣದ ಅಪಾಯ ಕಾಣುತ್ತಿಲ್ಲ, ಇದು ಆತ್ಮರಕ್ಷಣೆ ಆಗದು ಅಂದಿತು.

ಪ್ರಶ್ನೆ (ಅದೇ ವ್ಯಾಪಾರಿ):
ಸಾಹೇಬರೇ, ಮಗ ಕೇಳ್ತಾ ಇಲ್ಲ. ತಗೊಂಡೇ ತಗೋತೀನಿ ಅಂದರೆ ಏನು ನೋಡಬೇಕು?

ಉತ್ತರ:
ವಸ್ತುಗಳ ಗುಣಮಟ್ಟ ನಿಗದಿ ಮಾಡುವ ಕೇಂದ್ರ ಸಂಸ್ಥೆ ಬಿಐಎಸ್‌ನ ಮಾನದಂಡ ಐಎಸ್ 17051, 2018ರದ್ದು. ಅದರಲ್ಲಿ 6 ಹಂತಗಳಿವೆ. ಯಾವ ಹಂತಕ್ಕೆ ಪಾಸಾಗಿದೆ, ಪರೀಕ್ಷಾ ವರದಿ ಎಲ್ಲಿ ಅಂತ ಕೇಳಿ. ತಯಾರಾದ ತಾರೀಖನ್ನೂ ನೋಡಿ, ಮೆತ್ತನೆ ಜಾಕೆಟ್‌ಗೆ ಸಾಮಾನ್ಯವಾಗಿ 5 ವರ್ಷದ ಗ್ಯಾರಂಟಿ. ವರದಿ ಇಲ್ಲ, ಫೋಟೊ ಮಾತ್ರ ಇದೆ ಅಂದರೆ ದುಡ್ಡು ಕೊಡಬೇಡಿ. ಮತ್ತೆ ನಗದನ್ನು ಮಧ್ಯಾಹ್ನವೇ ಬ್ಯಾಂಕಿಗೆ ಕಟ್ಟಿಬಿಡಿ, ಸಂಜೆ ಖಾಲಿ ಕೈಯಲ್ಲಿ ಮನೆಗೆ ಹೋಗಿ.