ಕಾರ್ಯತಂಡದ ಜಾಲತಾಣದಲ್ಲಿ ಮೊದಲು ಏನಿರಬೇಕು?

ಪ್ರಶ್ನೆ: ಕನ್ನಡ ಫಾಂಟ್‌ಗಳ ಪರೀಕ್ಷೆಗೆ ಏಕರೂಪದ ನಿಯಮಗಳನ್ನು ರೂಪಿಸಲೆಂದು ಹನ್ನೊಂದು ಮಂದಿಯ ಕಾರ್ಯತಂಡವೊಂದು ಆರು ತಿಂಗಳಿಂದ ಕೆಲಸ ಮಾಡುತ್ತಿದ್ದು, ನಾನು ಅದರ ಸಂಚಾಲಕನಾಗಿದ್ದೇನೆ. ಕರಡುಗಳು ಇಮೇಲ್‌ನಲ್ಲಿ, ನಡಾವಳಿಗಳು ಒಬ್ಬ ಸದಸ್ಯರ ಡ್ರೈವ್‌ನಲ್ಲಿ, ಚರ್ಚೆಯೆಲ್ಲ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಚದುರಿಹೋಗಿವೆ. ಜಾಲತಾಣ ಮಾಡುವುದೆಂದು ತೀರ್ಮಾನವಾದ ಮೇಲೆ ವಿನ್ಯಾಸಕಾರರು ‘ನಮ್ಮ ಬಗ್ಗೆ’, ‘ಧ್ಯೇಯೋದ್ದೇಶ’, ‘ಚಿತ್ರಸಂಪುಟ’ ಎಂಬ ಪುಟಗಳ ಮಾದರಿಯನ್ನು ತಂದು ತೋರಿಸಿದ್ದಾರೆ. ಇಂಥ ತಂಡಗಳಲ್ಲಿ ಕೆಲಸ ಮಾಡಿದವರು, ನಿಜವಾಗಿ ಉಪಯೋಗಕ್ಕೆ ಬಂದದ್ದು ಯಾವುದು, ಶ್ರಮ ವ್ಯರ್ಥವಾದದ್ದು ಯಾವುದು ಎಂಬುದನ್ನು ತಿಳಿಸಬೇಕಾಗಿ ವಿನಂತಿ.

ಉತ್ತರ (ಇಂಥದೇ ತಂಡವೊಂದಕ್ಕೆ ಹಿಂದೆ ಕಾರ್ಯದರ್ಶಿಯಾಗಿದ್ದವರು):

ಚಿತ್ರಸಂಪುಟದ ಯೋಚನೆಯನ್ನು ಈಗಲೇ ಕೈಬಿಡಿ. ಸಭೆಯ ನಂತರದ ಗುಂಪುಚಿತ್ರವನ್ನು ನೋಡಲು ಆ ಚಿತ್ರದಲ್ಲಿರುವವರ ಹೊರತು ಯಾರೂ ಬರುವುದಿಲ್ಲ. ನಮ್ಮ ತಾಣಕ್ಕೆ ಬರುತ್ತಿದ್ದವರಲ್ಲಿ ಹೆಚ್ಚಿನವರು ನಮ್ಮ ತಂಡದ ಹೆಸರನ್ನೂ ಕೇಳಿರದ, ಎಲ್ಲೋ ಕುಳಿತು ಫಾಂಟನ್ನೋ ತಂತ್ರಾಂಶವನ್ನೋ ಸಿದ್ಧಪಡಿಸುತ್ತಿರುವಾಗ ಗೂಗಲ್‌ನಲ್ಲಿ ಹುಡುಕಿ ನೇರವಾಗಿ ಯಾವುದೋ ಒಳಪುಟಕ್ಕೆ ಬಂದಿಳಿದವರು. ಮುಖಪುಟವನ್ನು ಅವರು ನೋಡುವುದೇ ಇಲ್ಲ. ಈ ಕರಡನ್ನು ನಂಬಿ ಕೆಲಸ ಮಾಡಬಹುದೇ, ಇದಕ್ಕಿಂತ ಹೊಸದು ಬಂದಿದೆಯೇ ಎಂಬುದಷ್ಟೇ ಅವರ ಪ್ರಶ್ನೆ. ಆದ್ದರಿಂದ ಪ್ರತಿಯೊಂದು ದಾಖಲೆಯೂ ತನ್ನ ಸ್ಥಿತಿಯನ್ನು ತನ್ನ ತಲೆಯ ಮೇಲೆಯೇ ಹೊತ್ತಿರಬೇಕು.

ಈ ವಿಷಯದಲ್ಲಿ ದೊಡ್ಡ ಸಂಸ್ಥೆಗಳ ರೂಢಿಯನ್ನು ಸಂಕೋಚವಿಲ್ಲದೆ ಅನುಸರಿಸಬಹುದು. ಜಾಲತಾಣಗಳ ತಾಂತ್ರಿಕ ಮಾನಕಗಳನ್ನು ರೂಪಿಸುವ ವರ್ಲ್ಡ್ ವೈಡ್ ವೆಬ್ ಕನ್ಸಾರ್ಷಿಯಂ ಪ್ರಕಟಿಸುವ ದಾಖಲೆಗಳ ಆರಂಭದಲ್ಲೇ ‘ಈ ಆವೃತ್ತಿ’, ‘ಇತ್ತೀಚಿನ ಆವೃತ್ತಿ’ ಎಂಬ ಎರಡು ಬೇರೆ ಬೇರೆ ವಿಳಾಸಗಳಿರುತ್ತವೆ. ಮೊದಲನೆಯದರಲ್ಲಿ ದಿನಾಂಕ ಅಡಕವಾಗಿದ್ದು ಅದು ಆ ದಿನದ ಪಠ್ಯವನ್ನೇ ತೋರಿಸುತ್ತದೆ, ಎರಡನೆಯದು ಸದಾ ಹೊಸದರತ್ತ ಕರೆದೊಯ್ಯುತ್ತದೆ. ಅಂತರಜಾಲದ ತಾಂತ್ರಿಕ ಮಾನಕಗಳನ್ನು ರೂಪಿಸುವ ಇಂಟರ್‌ನೆಟ್ ಎಂಜಿನಿಯರಿಂಗ್ ಟಾಸ್ಕ್ ಫೋರ್ಸ್‌ನ ಕರಡುಗಳಿಗೆ 185 ದಿನಗಳ ಆಯುಸ್ಸು, ಅದು ಮುಗಿಯುವ ದಿನಾಂಕವೂ ಕರಡಿನ ಮೇಲೆಯೇ ನಮೂದಾಗಿರುತ್ತದೆ. ಪ್ರಕಟವಾದ ಆರ್‌ಎಫ್‌ಸಿಯ (ಅವರ ಅಂತಿಮ ದಾಖಲೆಯ) ಪಠ್ಯವನ್ನಂತೂ ಅವರು ಮತ್ತೆ ಮುಟ್ಟುವುದಿಲ್ಲ. ಜಾಲಪುಟಗಳನ್ನು ತರಿಸಿಕೊಳ್ಳುವ ವಿಧಾನವಾದ ಎಚ್‌ಟಿಟಿಪಿಯನ್ನು ವಿವರಿಸುವ 1999ರ ಆರ್‌ಎಫ್‌ಸಿ 2616ರ ಸ್ಥಾನಕ್ಕೆ 2014ರಲ್ಲಿ 7230ರಿಂದ 7235ರವರೆಗಿನ ಆರು ದಾಖಲೆಗಳು ಬಂದವು, 2022ರಲ್ಲಿ ಅವೂ ಹಳೆಯವಾದವು. ಆದರೂ 2616 ಇಂದಿಗೂ ಓದಲು ಸಿಗುತ್ತದೆ, ಅದರ ಸ್ಥಾನಕ್ಕೆ ಯಾವುದು ಬಂದಿದೆ ಎಂಬ ಸೂಚನೆ ಅದರ ನೆತ್ತಿಯ ಮೇಲಿದೆ.

ನಮ್ಮ ಅಕ್ಷರಮಾಲೆಯಲ್ಲೇ ಇದಕ್ಕೆ ಹತ್ತಿರದ ಉದಾಹರಣೆಯೊಂದಿದೆ. ಹಳಗನ್ನಡದ ೞಕಾರಕ್ಕೆ, ಅಕ್ಷರಗಳಿಗೆ ಸಂಖ್ಯೆಯನ್ನೂ ಹೆಸರನ್ನೂ ಕೊಡುವ ಜಾಗತಿಕ ಮಾನಕವಾದ ಯೂನಿಕೋಡ್‌ನಲ್ಲಿ ಅಂಟಿಕೊಂಡಿರುವ ಹೆಸರು ‘ಕನ್ನಡ ಲೆಟರ್ ಫಾ’. ಇದು ತಪ್ಪೆಂದು ಯೂನಿಕೋಡ್‌ನವರೂ ಒಪ್ಪಿದ್ದಾರೆ. ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದೆಂಬ ನಿಯಮವನ್ನು ಅವರೇ ಮಾಡಿಕೊಂಡಿರುವುದರಿಂದ, ತಪ್ಪು ಹೆಸರನ್ನು ಹಾಗೆಯೇ ಉಳಿಸಿ, ಸರಿಯಾದ ಹೆಸರನ್ನು ತಿದ್ದುಪಡಿಯೆಂದು ಬೇರೊಂದು ಪಟ್ಟಿಯಲ್ಲಿ ದಾಖಲಿಸಿದ್ದಾರೆ. ಕನ್ನಡಿಗರಿಗೆ ಇದು ಕಸಿವಿಸಿ ಉಂಟುಮಾಡುವ ಸಂಗತಿಯೇ ಹೌದು. ಆದರೆ ಆ ಹೆಸರನ್ನು ನಂಬಿ ಬರೆದ ಯಾವ ತಂತ್ರಾಂಶವೂ ಇದರಿಂದ ಮುರಿದುಬಿದ್ದಿಲ್ಲ.

ನಾವು ಇದನ್ನು ಕಲಿತದ್ದು ಪೆಟ್ಟು ತಿಂದ ಮೇಲೆ. ಎರಡನೆಯ ಕರಡನ್ನು ಮೊದಲನೆಯದರ ವಿಳಾಸದಲ್ಲೇ, ಅದೇ ಕಡತದ ಹೆಸರಿನಲ್ಲೇ ಏರಿಸಿದೆವು. ನಡುವೆ ಹೊಸ ನಿಯಮವೊಂದು ಸೇರಿದ್ದರಿಂದ 4.2 ಎಂಬ ಸಂಖ್ಯೆಯ ನಿಯಮ 4.3 ಆಗಿತ್ತು. ಸಂಸ್ಥೆಯೊಂದು ತನ್ನ ಬಳಿಯಿದ್ದ ಹಳೆಯ ಪ್ರತಿಯನ್ನು ನೋಡಿ 4.2ರ ಬಗ್ಗೆ ಆಕ್ಷೇಪ ಬರೆಯಿತು, ನಾವು ಹೊಸದನ್ನು ಮುಂದಿಟ್ಟುಕೊಂಡು ಸಮರ್ಥಿಸಿಕೊಂಡೆವು. ಇಬ್ಬರೂ ಬೇರೆ ಬೇರೆ ನಿಯಮಗಳ ಬಗ್ಗೆ ವಾದಿಸುತ್ತಿದ್ದೇವೆಂಬುದು ಹೊಳೆಯುವ ಹೊತ್ತಿಗೆ ಎರಡು ತಿಂಗಳು ಕಳೆದಿತ್ತು. ಆ ಮೇಲೆ ನಿಯಮಗಳಿಗೆ ಸರದಿಯ ಸಂಖ್ಯೆಯಲ್ಲದೆ ಎಂದೂ ಬದಲಾಗದ ಗುರುತಿನ ಸಂಖ್ಯೆಯೊಂದನ್ನೂ ಕೊಟ್ಟೆವು. ಒಂದು ನಿಯಮವನ್ನು ತೆಗೆದುಹಾಕಿದರೂ ಅದರ ಗುರುತನ್ನು ಇನ್ನೊಂದಕ್ಕೆ ಕೊಡುತ್ತಿರಲಿಲ್ಲ.

ಉತ್ತರ (ಫಾಂಟ್ ತಯಾರಿಸುವವರು):

ಮೇಲಿನ ಮಾತನ್ನು ಒಪ್ಪುತ್ತೇನೆ. ಆದರೆ ಕನ್ನಡ ಪಠ್ಯದ ವಿಷಯದಲ್ಲಿ ವಿಳಾಸಕ್ಕಿಂತ ಮೊದಲು ಕೆಡುವುದು ಉದಾಹರಣೆ. ತಂಡವೊಂದರ ಕರಡಿನಲ್ಲಿ, ‘ಸೂರ್ಯ’ ಎಂಬಲ್ಲಿ ಅರ್ಕಾವತ್ತು ಬರಬೇಕು, ‘ರ‍್ಯಾಂಕ್’ ಎಂಬಲ್ಲಿ ರಕಾರ ಪೂರ್ಣರೂಪದಲ್ಲಿ ನಿಂತು ಯಕಾರ ಒತ್ತಾಗಬೇಕು ಎಂಬ ನಿಯಮವಿತ್ತು. ಎರಡನೆಯದನ್ನು ಮೂಡಿಸಲು ರಕಾರಕ್ಕೂ ಹಲಂತಕ್ಕೂ (ವ್ಯಂಜನದ ಸ್ವರವನ್ನು ತೆಗೆಯುವ ಚಿಹ್ನೆ) ನಡುವೆ ಜೀರೋ ವಿಡ್ತ್ ಜಾಯ್ನರ್ ಎಂಬ, ಕಣ್ಣಿಗೆ ಕಾಣದ ಸಂಕೇತವನ್ನು ಇಡಬೇಕಾಗುತ್ತದೆ. ಆ ತಾಣದ ತಂತ್ರಾಂಶವು ಪುಟವನ್ನು ಉಳಿಸುವಾಗ ಕಾಣದ ಸಂಕೇತಗಳನ್ನೆಲ್ಲ ಕಸವೆಂದು ಗುಡಿಸಿಹಾಕಿತ್ತು. ಪರಿಣಾಮವಾಗಿ ಎರಡು ಪದಗಳಲ್ಲೂ ಅರ್ಕಾವತ್ತೇ ಕಾಣುತ್ತಿತ್ತು. ಉದಾಹರಣೆಯನ್ನು ನಕಲಿಸಿ ನನ್ನ ಫಾಂಟಿನಲ್ಲಿ ಪರೀಕ್ಷಿಸಿದ ನಾನು, ದೋಷ ನನ್ನದೇ ಎಂದುಕೊಂಡು ಮೂರು ದಿನ ಒತ್ತಕ್ಷರಗಳ ಕೋಷ್ಟಕಗಳನ್ನು ಬಿಚ್ಚಿ ಕಟ್ಟಿದೆ. (ಈ ಉತ್ತರದಲ್ಲೂ ‘ರ‍್ಯಾಂಕ್’ ಎಂಬುದು ನಿಮಗೆ ಅರ್ಕಾವತ್ತಿನೊಂದಿಗೆ ಕಂಡರೆ ನಡುವೆ ಎಲ್ಲೋ ಅದೇ ಗುಡಿಸುವಿಕೆ ನಡೆದಿದೆ ಎಂದು ತಿಳಿಯಿರಿ.)

ಹಾಗಾಗಿ ಪ್ರತಿ ಉದಾಹರಣೆಯ ಪಕ್ಕದಲ್ಲಿ ಅದರಲ್ಲಿರುವ ಪ್ರತಿ ಸಂಕೇತದ ಯೂನಿಕೋಡ್ ಸಂಖ್ಯೆಯನ್ನು ಅನುಕ್ರಮವಾಗಿ ಬರೆಯಿರಿ, ಮೂಡಬೇಕಾದ ರೂಪವನ್ನು ಚಿತ್ರವಾಗಿಯೂ ಕೊಡಿ, ಜೊತೆಗೆ ಎಲ್ಲ ಪರೀಕ್ಷಾಪದಗಳನ್ನೂ ಒಂದು ಸರಳ ಪಠ್ಯಕಡತವಾಗಿ ಇಳಿಸಿಕೊಳ್ಳಲು ಇಡಿ. ನನ್ನಂಥವರು ಮತ್ತೆ ಮತ್ತೆ ಬರುವುದು ಆ ಕಡತಕ್ಕಾಗಿಯೇ. ಇನ್ನು, ಯೂನಿಕೋಡ್ ಅಲ್ಲದ ಹಳೆಯ ಫಾಂಟಿನಲ್ಲಿ ಬೆರಳಚ್ಚು ಮಾಡಿದ ಪಿಡಿಎಫ್‌ಗಳನ್ನು ದಯವಿಟ್ಟು ಏರಿಸಬೇಡಿ. ಅವುಗಳಲ್ಲಿ ಹುಡುಕಲೂ ಆಗುವುದಿಲ್ಲ, ನಕಲಿಸಿದರೆ ಅರ್ಥವಿಲ್ಲದ ರೋಮನ್ ಅಕ್ಷರಗಳು ಉದುರುತ್ತವೆ.

ಪ್ರಶ್ನೆ ಕೇಳಿದವರು: ಇಬ್ಬರಿಗೂ ಕೃತಜ್ಞತೆಗಳು. ಇಷ್ಟನ್ನೆಲ್ಲ ನೋಡಿಕೊಳ್ಳಲು ನಮ್ಮಲ್ಲಿ ಬಿಡುವಿರುವವರು ಇಬ್ಬರೇ. ಎಲ್ಲ ಸದಸ್ಯರೂ ತಿದ್ದಬಹುದಾದ ವಿಕಿಯೊಂದನ್ನು ತೆರೆದರೆ ಹೊರೆ ಹಗುರಾದೀತೇ? ವಾಟ್ಸ್‌ಆ್ಯಪ್ ಚರ್ಚೆಯನ್ನು ಏನು ಮಾಡುವುದು?

ಉತ್ತರ (ತಾಣಗಳ ನಿರ್ವಹಣೆಯಲ್ಲಿರುವವರು):

ವಿಕಿಯಿಂದ ಹೊರೆ ಹಗುರಾಗುವುದನ್ನು ನಾನು ಕಂಡಿಲ್ಲ. ಹನ್ನೊಂದು ಜನರೂ ತಿದ್ದಬಹುದೆಂದಾಗ ಹನ್ನೊಂದು ಜನರೂ ಇನ್ನೊಬ್ಬರು ತಿದ್ದುತ್ತಾರೆಂದು ಸುಮ್ಮನಿರುತ್ತಾರೆ. ಡೇಟಾಬೇಸ್ ಇಲ್ಲದ ಸಾದಾ ಪುಟಗಳು ಸಾಕು. ಅವು ಹಳ್ಳಿಯ ಮೊಬೈಲ್‌ನಲ್ಲೂ ಬೇಗ ತೆರೆದುಕೊಳ್ಳುತ್ತವೆ. ತಾಣದ ಹೆಸರನ್ನು ವ್ಯಕ್ತಿಯ ಬದಲು ಸಂಸ್ಥೆಯ ಖಾತೆಯಲ್ಲಿ ನೋಂದಾಯಿಸಿ, ಸಂಪರ್ಕಕ್ಕೂ ಸಂಚಾಲಕರ ಸ್ವಂತ ಇಮೇಲ್ ಕೊಡದೆ ಹುದ್ದೆಯ ಇಮೇಲ್ ಕೊಡಿ. ಸಂಚಾಲಕರು ಬದಲಾಗುತ್ತಾರೆ.

ವಾಟ್ಸ್‌ಆ್ಯಪ್ ಚರ್ಚೆ ನಡೆಯಲಿ, ತಡೆಯುವುದು ಸಾಧ್ಯವೂ ಇಲ್ಲ. ಆದರೆ ನಡಾವಳಿಯ ಪುಟಕ್ಕೆ ಬಾರದ ಯಾವ ತೀರ್ಮಾನವೂ ತೀರ್ಮಾನವಲ್ಲವೆಂದು ಮುಂದಿನ ಸಭೆಯಲ್ಲೇ ನಿರ್ಣಯ ಮಾಡಿಕೊಳ್ಳಿ. ಇಂಟರ್‌ನೆಟ್ ಎಂಜಿನಿಯರಿಂಗ್ ಟಾಸ್ಕ್ ಫೋರ್ಸ್‌ನಲ್ಲಿ ಎದುರುಬದುರು ಕುಳಿತು ಒಪ್ಪಿಕೊಂಡದ್ದನ್ನೂ ಸಭೆಗೆ ಬಾರದವರ ಅಭಿಪ್ರಾಯಕ್ಕಾಗಿ ಇಮೇಲ್ ಪಟ್ಟಿಯಲ್ಲಿ ಮತ್ತೆ ಇಟ್ಟು ಖಚಿತಪಡಿಸಿಕೊಳ್ಳುವ ಪದ್ಧತಿಯಿದೆ.

ಇನ್ನೊಂದು ಪುಟವನ್ನು ಯಾರೂ ಮೊದಲಿಗೆ ಯೋಚಿಸುವುದಿಲ್ಲ: ಒಪ್ಪದೆ ಬಿಟ್ಟ ಸಲಹೆಗಳ ಪಟ್ಟಿ. ಯೂನಿಕೋಡ್ ತಾಣದಲ್ಲಿ ತಿರಸ್ಕೃತ ಪ್ರಸ್ತಾವಗಳ ಸಂಗ್ರಹವಿದೆ, ಜಾವಾಸ್ಕ್ರಿಪ್ಟ್ ಭಾಷೆಯನ್ನು ರೂಪಿಸುವ ಟಿಸಿ39 ಸಮಿತಿಯೂ ಮುಂದುವರಿಯದ ಪ್ರಸ್ತಾವಗಳ ಪಟ್ಟಿಯನ್ನು ಇಟ್ಟುಕೊಂಡಿದೆ. ಬೇಡವೆಂದ ಸಲಹೆಯೇ ಆರು ತಿಂಗಳ ನಂತರ ಹೊಸಬರೊಬ್ಬರ ಬಾಯಲ್ಲಿ ಬಂದಾಗ ಅರ್ಧ ಸಭೆ ಅದಕ್ಕೇ ಹೋಗುತ್ತದೆ. ಸಲಹೆ, ದಿನಾಂಕ, ಬಿಟ್ಟ ಕಾರಣ ಎಂದು ಮೂರು ಸಾಲಿದ್ದರೆ ಆ ಕೊಂಡಿಯನ್ನು ಕಳುಹಿಸಿ, ಇದರಲ್ಲಿಲ್ಲದ ಹೊಸ ಕಾರಣವಿದ್ದರೆ ತಿಳಿಸಿ ಎನ್ನಬಹುದು. ನಿಮ್ಮ ಬಳಿಯಿರುವ ಆರು ತಿಂಗಳ ವಾಟ್ಸ್‌ಆ್ಯಪ್ ಸಂದೇಶಗಳಿಂದ ಈ ಪಟ್ಟಿಯನ್ನು ಈಗಲೇ ಹೆಕ್ಕಿ ತೆಗೆಯಿರಿ. ಯಾರಾದರೂ ಫೋನ್ ಬದಲಿಸಿದರೆ ಅದೂ ಕೈಗೆ ಸಿಗುವುದಿಲ್ಲ.