ಟೇಲ್ ಸ್ಟ್ರೈಕ್: ಬಾಲ ಬಡಿಯಿತೋ, ಉಜ್ಜಿತೋ, ತರಚಿತೋ?

ವಿಮಾನ ಇಳಿಯುವಾಗ ಅದರ ಹಿಂಬದಿ ರನ್‌ವೇಗೆ ತಗಲುವುದಕ್ಕೆ ಟೇಲ್ ಸ್ಟ್ರೈಕ್ ಅನ್ನುತ್ತಾರಲ್ಲ, ಅದಕ್ಕೊಂದು ಕನ್ನಡ ಪದ ಬೇಕಾಗಿದೆ. ಕೈಯಲ್ಲಿರುವ ಅನುವಾದದಲ್ಲಿ ಈ ಮಾತು ಮತ್ತೆ ಮತ್ತೆ ಬರುತ್ತದೆ, ನಾನು ಪ್ರತಿಸಲವೂ ಬೇರೆ ಬೇರೆ ಬರೆದು ಕೂತಿದ್ದೇನೆ.

ಮೊದಲು ಬರೆದದ್ದು 'ಬಾಲಬಡಿತ'. ಓದಿ ನನಗೇ ನಗು ಬಂತು. 'ಬಾಲಬಡುಕ' ಪಕ್ಕದಲ್ಲೇ ಕೂತಿರುವಾಗ ಇದನ್ನು ಯಾರು ಗಂಭೀರವಾಗಿ ಓದುತ್ತಾರೆ? 'ಬಾಲದ ಹೊಡೆತ' ಅಂದರೆ ಮೊಸಳೆ ಬೀಸಿದ ಹಾಗೆ. 'ಪುಚ್ಛಾಘಾತ' ಪಕ್ಷಾಘಾತದ ತಮ್ಮನಂತಿದೆ. 'ಬಾಲ ನೆಲ ಕಚ್ಚಿತು' ಅಂದರಂತೂ ವಿಮಾನವೇ ಹೋಯಿತು.

ತೊಡಕು ಇರುವುದು ಸ್ಟ್ರೈಕ್‌ನಲ್ಲಿ. ಇಂಗ್ಲಿಷಿಗೆ ಹಕ್ಕಿಗೂ ಸಿಡಿಲಿಗೂ ಬಾಲಕ್ಕೂ ಅದೊಂದೇ ಸಾಕು. ನಮ್ಮಲ್ಲಿ ಹಕ್ಕಿ ಡಿಕ್ಕಿ ಹೊಡೆಯುತ್ತದೆ, ಸಿಡಿಲು ಬಡಿಯುತ್ತದೆ. ಬಾಲ ಏನು ಮಾಡುತ್ತದೆ?

ನಡೆಯುವುದು ಇಷ್ಟು: ವೇಗ ತೀರ ಇಳಿದಾಗ, ಇಲ್ಲವೇ ಚಕ್ರ ಒಮ್ಮೆ ನೆಲ ಮುಟ್ಟಿ ಪುಟಿದಾಗ, ಮೂತಿ ಅಳತೆ ಮೀರಿ ಮೇಲೇಳುತ್ತದೆ. ಮುಖ್ಯ ಚಕ್ರಗಳ ಮೇಲೆ ವಿಮಾನ ಏತದ ಮರವಿದ್ದಂತೆ, ಮೂತಿ ಏರಿದಷ್ಟೂ ಹಿಂದುಗಡೆ ಇಳಿಯುತ್ತದೆ. ಏರ್‌ಬಸ್ ಎ321ರಂಥ ಉದ್ದನೆಯ ವಿಮಾನಗಳಿಗೆ ಈ ಕಾಟ ಹೆಚ್ಚು. ತಗಲುವುದೂ ನಾವು ಬಾಲ ಅಂದುಕೊಳ್ಳುವ ಆ ನಿಂತ ರೆಕ್ಕೆಯಲ್ಲ, ಅದರ ಕೆಳಗಿನ ಹೊಟ್ಟೆ. ತಗಲಿದ ಮೇಲೂ ವಿಮಾನ ಓಡುತ್ತಲೇ ಇರುತ್ತದೆ, ಲೋಹದ ಹೊದಿಕೆ ನೆಲಕ್ಕೆ ಉಜ್ಜಿ ಕಿಡಿ ಹಾರುವುದೂ ಉಂಟು. ಆದರೆ 'ಬಾಲ ಉಜ್ಜಿತು' ಅಂದರೆ ಯಾರೋ ಪಾತ್ರೆ ತೊಳೆದಂತಾಯಿತು!

ಹಾಗಾಗಿ ನನ್ನ ಮನಸ್ಸು 'ತರಚು' ಕಡೆಗೆ ವಾಲಿದೆ. ಮೊಣಕಾಲು ತರಚಿಕೊಂಡಂತೆ 'ವಿಮಾನ ಹಿಂಬದಿ ತರಚಿಕೊಂಡಿತು'. ಆ 'ಕೊಂಡು' ಇರುವುದರಿಂದ ಬೇಕೆಂದು ಮಾಡಿದ್ದಲ್ಲ ಎಂಬುದೂ ಬಂತು.

ಅಳುಕು ಒಂದೇ. ಪತ್ರಿಕೆಗಳಲ್ಲಿ ತರಚು ಗಾಯ ಯಾವಾಗಲೂ 'ಸಣ್ಣಪುಟ್ಟ'ದ್ದು. ಇದು ಸಣ್ಣದಲ್ಲ. 1978ರ ಜೂನ್ 2ರಂದು ಒಸಾಕಾದ ಇಟಾಮಿಯಲ್ಲಿ ಇಳಿಯುವಾಗ ಜಪಾನ್ ಏರ್‌ಲೈನ್ಸ್‌ನ ಒಂದು ಬೋಯಿಂಗ್ 747 ಹೀಗೇ ತರಚಿಕೊಂಡಿತು. ಕ್ಯಾಬಿನ್ನಿನ ಒತ್ತಡ ತಡೆಯುವ ಹಿಂಗೋಡೆಯ ರಿಪೇರಿಯಲ್ಲಿ, ಒಂದೇ ಅಖಂಡ ತಗಡು ಕೂರಿಸಬೇಕಾದ ಜಾಗಕ್ಕೆ ಎರಡು ತುಂಡು ಹಾಕಿದರು. ತಗಡು ಜೋಡಿಸುವ ಮೊಳೆಗಳ, ಅಂದರೆ ರಿವೆಟ್‌ಗಳ, ಎರಡು ಸಾಲು ಹೊರಬೇಕಾದ ಭಾರ ಒಂದೇ ಸಾಲಿನ ಮೇಲೆ ಬಿತ್ತು. ಏಳು ವರ್ಷ ಹಾಗೇ ಹಾರಿ, 1985ರ ಆಗಸ್ಟ್ 12ರಂದು ಆ ಗೋಡೆ ಒಡೆಯಿತು. ಸತ್ತವರು 520, ಉಳಿದವರು ನಾಲ್ವರು. ಚೀನಾ ಏರ್‌ಲೈನ್ಸ್‌ನ ಇನ್ನೊಂದು 747, 1980ರಲ್ಲಿ ಹಾಂಗ್‌ಕಾಂಗ್‌ನಲ್ಲಿ ತರಚಿಕೊಂಡದ್ದು, ಸರಿಯಾಗಿ ರಿಪೇರಿಯಾಗದೆ 22 ವರ್ಷ ಕಳೆದು ಆಕಾಶದಲ್ಲೇ ಚೂರಾಯಿತು. ಅದರಲ್ಲಿ 225 ಜನ. 'ತರಚು' ಈ ಭಾರ ಹೊರುತ್ತದೆಯೆ?

ಕ್ರಿಯಾಪದ ಒಪ್ಪಿದರೂ ನಾಮಪದ ಬೇಕಲ್ಲ. 'ಬಾಲತರಚು' ಅನ್ನಲೇ, 'ಹಿಂತರಚು' ಅನ್ನಲೇ? ಎರಡನೆಯದು ನಿಜಕ್ಕೆ ಹತ್ತಿರ, ಮೊದಲನೆಯದು ಕಿವಿಗೆ ಹತ್ತಿರ. ಇನ್ನೊಂದು: ಕೆಲವು ವಿಮಾನಗಳಿಗೆ ಹಿಂದುಗಡೆ ಪೆಟ್ಟು ತಾಳಿಕೊಳ್ಳಲೆಂದೇ ಒಂದು ಪುಟ್ಟ ಊರುಗೋಲಿನಂಥ ಭಾಗ ಇರುತ್ತದೆ. ಅದಷ್ಟೇ ನೆಲಕ್ಕೆ ಸೋಕಿ, ಹೊದಿಕೆಗೆ ಏನೂ ಆಗದಿದ್ದರೆ ತರಚಿತು ಅನ್ನಲಾಗುವುದಿಲ್ಲ. ಅಲ್ಲಿ 'ತಾಗು' ಎಂದು ಬೇರೆಯಾಗಿಯೇ ಬರೆಯುವುದು ಸರಿಯೋ, ಎರಡಕ್ಕೂ ಹೊಂದುವ ಪದ ಯಾರ ಬಳಿಯಾದರೂ ಇದೆಯೋ?