ಪದ ಬೇಕು (ಅರ್ಜೆಂಟ್): ಹೆರಿಟೇಜ್ ಕನ್ಸರ್ವೇಶನ್ ಡಿಸ್ಟ್ರಿಕ್ಟ್‌ಗೆ ಕನ್ನಡದಲ್ಲಿ ಏನಂತೀರಿ?

ಸ., ಬೆಂಗಳೂರು:

ಎಲ್ಲರಿಗೂ ನಮಸ್ಕಾರ. ಗುರುವಾರದ ಒಳಗೆ ಒಂದು ಪದ ಬೇಕಾಗಿದೆ. ಗಂಗಾವತಿ ಕಡೆ ಹೊಳೆದಂಡೆ ಮೇಲಿನ ಒಂದು ಹಳೇ ಊರಿಗೆ (ಹೆಸರು ಬೇಡ, ಇನ್ನೂ ಮಾತುಕತೆ ಹಂತದಲ್ಲೇ ಇದೆ) ನಮ್ಮ ಆರ್ಕಿಟೆಕ್ಟ್ ಗೆಳೆಯರು ಪ್ಲಾನ್ ಮಾಡ್ತಿದಾರೆ, ಅಂದ್ರೆ ಇದೊಂದು ಗುಡಿ ಅದೊಂದು ಮಂಟಪ ಅಂತ ಬಿಡಿಬಿಡಿಯಾಗಿ ಅಲ್ಲ, ಓಣಿ, ಕಟ್ಟೆ, ಬಾವಿ, ಮಣ್ಣಿನ ಮಾಳಿಗೆ ಮನೆಗಳು ಎಲ್ಲಾ ಸೇರಿಸಿ ಇಡೀ ಹಳೇ ಊರಿಗೇ ಒಂದು ಗೆರೆ ಹಾಕಿ ಉಳಿಸ್ಕೊಳ್ಳೋದು. ಮೊದಲು ಯಾರೋ ಮಾಡಿಕೊಟ್ಟ ಅನುವಾದದಲ್ಲಿ "ಪಾರಂಪರಿಕ ಸಂರಕ್ಷಣಾ ಜಿಲ್ಲೆ" ಅಂತಿತ್ತು. ಸಭೆಯಲ್ಲಿ ಅದನ್ನ ಓದಿದ್ದೇ ತಡ, ಹಿಂದೆ ಕೂತಿದ್ದ ಹಿರಿಯರೊಬ್ರು ಎದ್ದು "ಹೊಳಿ ಆಚೆ 2021ರಾಗ ವಿಜಯನಗರ ಜಿಲ್ಲಾ ಮಾಡಿದ್ರಿ, ಈಗ ನಮ್ಮನ್ನ ಕೊಪ್ಪಳದಿಂದ ಕಿತ್ತು ಎಲ್ಲಿಗೆ ಹಾಕ್ತೀರಿ" ಅಂದ್ರು. ಅಲ್ಲಿಂದ ಒಂದು ಗಂಟೆ ಅದೇ ಮಾತು, ಪ್ಲಾನ್ ವಿಷಯ ಬರಲೇ ಇಲ್ಲ. ಒಂದು ಬೋರ್ಡು, ನಾಲ್ಕು ಪುಟದ ಒಂದು ಕೈಪಿಡಿ ಆಗ್ಬೇಕು. ಬೋರ್ಡು ಆರಡಿ ಅಗಲ, ಉದ್ದ ಪದ ಹಿಡಿಸಲ್ಲ.

ರಾ., ಮೈಸೂರು:

ಡಿಸ್ಟ್ರಿಕ್ಟ್ ಕಂಡಲ್ಲೆಲ್ಲಾ ಜಿಲ್ಲೆ ಅಂತ ಬರೆಯೋರ ಕೈಗೆ ನಿಘಂಟು ಕೊಡಬಾರದು. "ಪಾರಂಪರಿಕ ಸಂರಕ್ಷಣಾ ವಲಯ". ಮುಗೀತು. ಪಾರಂಪರಿಕ ಕಟ್ಟಡ ಅಂದ್ರೆ ಇಲ್ಲಿ ಟಾಂಗಾದವರಿಗೂ ಗೊತ್ತು, ಸರ್ಕಾರದ ಇಲಾಖೆ ಹೆಸರಲ್ಲೇ ಪರಂಪರೆ ಇದೆ. ಹೊಸದಾಗಿ ಟಂಕಿಸೋ ಅಗತ್ಯ ಇಲ್ಲ.

ಪಿ.ಗೌ., ಹಾಸನ:

ಪಾರಂಪರಿಕ, ಸಂರಕ್ಶಣಾ, ವಲಯ. ಮೂರಕ್ಕೆ ಮೂರೂ ಸಂಸ್ಕ್ರುತ. ಇದರಲ್ಲಿ ಕನ್ನಡ ಎಲ್ಲಿದೆ ಮೇಶ್ಟ್ರೇ? ಹಳಮೆ ಅಂತ ಚೆಂದದ ಪದ ಇದೆ, ಹಳಗನ್ನಡದ ಪೞಮೆ. ಕಾಯೋದಕ್ಕೆ ಕಾಪು ಇದೆ, ಹಬ್ಬಿದ ಜಾಗಕ್ಕೆ ಹರವು ಇದೆ. "ಹಳಮೆಕಾಪು ಹರವು" ಅಂದ್ರೆ ಏನ್ ಕಶ್ಟ? ಇನ್ನೂ ಚಿಕ್ಕದು ಬೇಕಂದ್ರೆ "ಹಳ್ಳಿಕಾಪು" ಸಾಕು, ಯಾಕಂದ್ರೆ ಹಳ್ಳಿ ಅನ್ನೋದೇ ಹಳೆ ಇಂದ ಬಂದಿದ್ದು, ಹಳೆಯ ನೆಲೆಯೇ ಹಳ್ಳಿ. ಒಂದೇ ಪದದಲ್ಲಿ ಎರಡು ಅರ್ತ ಸಿಗುತ್ತೆ.

ರಾ., ಮೈಸೂರು:

ತಪ್ಪು. ಹಳ್ಳಿ ಬಂದಿದ್ದು ಪಳ್ಳಿಯಿಂದ, ಹಳೆ ಬಂದಿದ್ದು ಪೞೆಯಿಂದ. ಒಂದರಲ್ಲಿ ಳ, ಇನ್ನೊಂದರಲ್ಲಿ ೞ. ತಮಿಳರು ಇವತ್ತಿಗೂ ಎರಡನ್ನೂ ಬೇರೆಬೇರೆ ಬರೀತಾರೆ. ನಮ್ಮಲ್ಲಿ ೞ ಹೋಯ್ತು, ಪ ಇದ್ದಲ್ಲಿ ಹ ಬಂತು, ಅದಕ್ಕೇ ಎರಡೂ ಒಂದೇ ಮನೆಯವು ಥರ ಕಾಣುತ್ತೆ. ನಿಮ್ಮ ಹಾಗೆ ಷ, ಋ, ಮಹಾಪ್ರಾಣ ಅಂತ ಅಕ್ಷರ ಕಡಿಮೆ ಮಾಡ್ತಾ ಹೋದ್ರೆ ಹೀಗೇ ಆಗೋದು. ಮತ್ತೆ ಹಳ್ಳಿಕಾಪು ಅಂದ್ರೆ ಉಡುಪಿ ಕಡೆಯೋರು ಕಾಪು ಪಕ್ಕದ ಯಾವುದೋ ಹಳ್ಳಿ ಅಂದ್ಕೋತಾರೆ.

ಬ., ಕುಷ್ಟಗಿ:

ಬೆಂಗಳೂರು ಮೈಸೂರು ಹಾಸನದೋರು ಕುಂತು ನಮ್ಮ ಕಡೆ ಊರಿಗೆ ಹೆಸರಿಡಾಕತ್ತೀರಿ, ನಡೀಲಿ. ವಲಯ ಅಂದ್ರ ನಮ್ಮ ಮಂದಿಗೆ ವಲಯ ಅರಣ್ಯಾಧಿಕಾರಿ ನೆನಪಾಗ್ತಾನ, ಕುರಿ ಮೇಸಾಕ ಬಿಡಂಗಿಲ್ಲೇನೋ ಅಂತ ಕೇಳ್ತಾರ. ಸಂರಕ್ಷಣೆ ಅಂತೂ ಬ್ಯಾಡೇ ಬ್ಯಾಡ. ಸಂರಕ್ಷಿತ ಸ್ಮಾರಕ ಅನ್ನೋ ಬೋರ್ಡ್ ಬಂತಂದ್ರ ಸುತ್ತ 100 ಮೀಟರ್ ಏನೂ ಕಟ್ಟಂಗಿಲ್ಲ, ಅದರಾಚೆ ಇನ್ನ 200 ಮೀಟರ್ ಪರ್ಮಿಷನ್ ಇಲ್ಲದ ಕಟ್ಟಂಗಿಲ್ಲ, ಕೇಂದ್ರದ ಸ್ಮಾರಕ ಕಾಯ್ದೆಗೆ 2010ರಾಗ ಆದ ತಿದ್ದುಪಡಿ. ಅದರ ಮರುವರ್ಷನ ಹಂಪಿ ಬಜಾರಿನ ಸಾಲುಮಂಟಪದಾಗ ಇದ್ದ ಮನಿ, ಅಂಗಡಿ ಎಲ್ಲಾ ತೆಗೆಸಿದ್ರು. ಅದು ಸರಿಯೋ ತಪ್ಪೋ ಆಮ್ಯಾಲೆ, ಆದ್ರ ಹೊಳಿ ಆ ಕಡೆ ಈ ಕಡೆ ಮಂದಿಗೆ ಸಂರಕ್ಷಣೆ ಅಂದ್ರ ಕಣ್ಣ ಮುಂದ ಜೆಸಿಬಿನ ಬರ್ತದ. ನನ್ನ ಕೇಳಿದ್ರ "ಹದ್ದು" ಅನ್ರಿ, ಗಡಿ ಅಂದಂಗ. ಸರ್ವೇದವರು ದಿನಾ ಹದ್ದುಬಸ್ತು ಅಂತಾರ, ಎಲ್ಲಾರಿಗೂ ತಿಳೀತದ. "ಹಳೇ ಊರಿನ ಹದ್ದು". ಆತಲ್ಲ.

ಪಿ.ಗೌ., ಹಾಸನ:

ಹದ್ದು ಅರಬ್ಬಿ.

ರಾ., ಮೈಸೂರು:

ಅರಬ್ಬಿ ಆಗಿರ್ಲಿ, ಬಿಡಿ. ಬೋರ್ಡ್ ಮೇಲೆ "ಹಳೇ ಊರಿನ ಹದ್ದು" ಅಂತ ಬರೆಯೋಕೆ ಹೇಳಿದ್ರೆ ಪೇಂಟರು ಪಕ್ಕದಲ್ಲಿ ರೆಕ್ಕೆ ಕೊಕ್ಕು ಬಿಡಿಸಿ ಕೊಡ್ತಾನೆ.

ಶಾ., ಟೊರಾಂಟೊ:

ನಾನು ಸಾಮಾನ್ಯವಾಗಿ ಬರೆಯಲ್ಲ, ಆದ್ರೆ ಇದು ನನ್ನ ಕೆಲಸದ ಪದ. ಈ ಮಾತು ಹುಟ್ಟಿದ್ದೇ ನಮ್ಮ ಒಂಟಾರಿಯೊ ಕಾನೂನಿನಲ್ಲಿ, 1975ರದ್ದು, ಅದರ ಐದನೇ ಭಾಗ. ಡಿಸ್ಟ್ರಿಕ್ಟ್ ಅಂದ್ರೆ ಇಲ್ಲಿ ಒಂದು ಬೀದಿಯೂ ಆಗಬಹುದು, ಒಂದು ಇಡೀ ಹಳ್ಳಿಯೂ ಆಗಬಹುದು, ನಿಮ್ಮ ಜಿಲ್ಲೆಗೂ ಇದಕ್ಕೂ ಸಂಬಂಧನೇ ಇಲ್ಲ. ಇದನ್ನೇ ಇಂಗ್ಲೆಂಡಿನವರು 1967ರಿಂದ ಕನ್ಸರ್ವೇಶನ್ ಏರಿಯಾ ಅಂತಾರೆ, ಅಮೆರಿಕದಲ್ಲಿ 1931ರಲ್ಲಿ ಚಾರ್ಲ್ಸ್‌ಟನ್‌ನವರು ಮಾಡಿದ್ದಕ್ಕೆ ಹಿಸ್ಟಾರಿಕ್ ಡಿಸ್ಟ್ರಿಕ್ಟ್ ಅಂತಾರೆ. ಅವರವರಲ್ಲೇ ಹೆಸರು ಕೂಡಿಬಂದಿಲ್ಲ, ನಾವ್ಯಾಕೆ ಡಿಸ್ಟ್ರಿಕ್ಟ್ ಅನ್ನೋ ಪದಕ್ಕೆ ಜೋತುಬೀಳ್ಬೇಕು? ನಮ್ಮ ಹತ್ತಿರದ ಯೂನಿಯನ್‌ವಿಲ್ ಮೊದಲು ಬೇಸಾಯದ ಸಣ್ಣ ಊರು, ಈಗ ಮಾರ್ಕಂ ನಗರದ ಒಳಗೆ ಸೇರಿಹೋಗಿದೆ, ಅಲ್ಲೂ ಇದೇ ನಿಯಮ. ಮನೆ ಹೊರಗಡೆ ಬದಲಾಯಿಸೋಕೆ ಪುರಸಭೆ ಅನುಮತಿ ಬೇಕು, ಒಳಗೆ ಅಡುಗೆಮನೆ ಒಡೆದು ಬಚ್ಚಲು ಮಾಡ್ಕೊಂಡ್ರೂ ಈ ಕಾನೂನು ಕೇಳಲ್ಲ. ಜನ ಅಲ್ಲೇ ಇರ್ತಾರೆ. ಕೈಪಿಡಿಯಲ್ಲಿ ಈ ಮಾತು ಮೊದಲನೇ ಪುಟಕ್ಕೇ ಬರ್ಲಿ ಸ. ಅವರೇ, ಹೆಸರು ಏನೇ ಇರ್ಲಿ.

ಇನ್ನೊಂದು, ಹಳ್ಳಿ ಅಂದ್ಮೇಲೆ ಮನೆಗಳಿಗೆ ಮಾತ್ರ ಗೆರೆ ಹಾಕಿದ್ರೆ ಸಾಲಲ್ಲ, ಗದ್ದೆ ತೋಟ ಕಾಲುವೆ ಬಿಟ್ಟು ಹಳ್ಳಿ ಎಲ್ಲಿದೆ?

ಬ., ಕುಷ್ಟಗಿ:

ಮೇಡಂ ಹೇಳಿದ್ದು ಖರೇ. ಹಂಪಿ ಕಡೆ ತುರ್ತಾ ಕಾಲುವಿ ವಿಜಯನಗರದ ಕಾಲದ್ದು, ಇವತ್ತಿಗೂ ಗದ್ದಿಗೆ ನೀರು ಹರಸ್ತದ. ಅದು ಸ್ಮಾರಕನೋ ನೀರಾವರಿನೋ, ನೀವ ಹೇಳ್ರಿ.

ಗೌಡ್ರಿಗೆ ಒಂದು ಮಾತು. ಹದ್ದು ಅರಬ್ಬಿ ಅಂತ ಮೂಗು ಮುರದ್ರಿ. ಜಿಲ್ಲಾ ಅರಬ್ಬಿ, ತಾಲೂಕ ಅರಬ್ಬಿ, ಅರ್ಜಿ, ತಕರಾರು, ವಕೀಲ ಎಲ್ಲಾ ಅರಬ್ಬಿ, ಜಮೀನು ಫಾರ್ಸಿ. ಇವನ್ನೆಲ್ಲಾ ಬಿಟ್ಟು ಒಂದು ದಿನ ತಹಶೀಲ್ದಾರ್ ಆಫೀಸಿನಾಗ ಕೆಲಸ ಮಾಡ್ಸಿಕೊಂಡ ಬರ್ರಿ ನೋಡೂಣು. ಐಹೊಳ್ಯಾಗ ಚಾಲುಕ್ಯರ ಗುಡಿಗೆ ಲಾಡಖಾನ್ ಗುಡಿ ಅಂತಾರ, ಅದರಾಗ ವಾಸ ಇದ್ದಾವನ ಹೆಸರು. ಅದಕ್ಕೂ ಹಳಮೆಕಾಪು ಅಂತ ಹೆಸರಿಡ್ತೀರೇನ?

ಪಿ.ಗೌ., ಹಾಸನ:

ಬಳಕೆಯಲ್ಲಿ ಬೇರೂರಿದ ಪದ ಬೇರೆ, ಹೊಸದಾಗಿ ಕಟ್ಟೋ ಪದ ಬೇರೆ. ಹೊಸದನ್ನ ಕಟ್ಟುವಾಗಲಾದ್ರೂ ನಮ್ಮ ಮನೆ ಸಾಮಾನು ಬಳಸಿ ಅಂತ ನನ್ನ ವಾದ. ಇಪ್ಪತ್ತು ವರ್ಶದಿಂದ ಹೇಳ್ತಾ ಇದೀನಿ.

ರಾ., ಮೈಸೂರು:

ಇಪ್ಪತ್ತು ವರ್ಷದಿಂದ ಕೇಳ್ತಾ ಇದೀವಿ. "ಹರವು" ಯಾರ ಮನೆ ಸಾಮಾನು ಸ್ವಾಮಿ, ನಮ್ಮಮ್ಮ ಅಕ್ಕಿ ಒಣಗೋಕೆ ಹರವ್ತಿದ್ರು. ಊರನ್ನ ಹಾಗೆ ಹರವೋಕಾಗಲ್ಲ.

ಸ., ಬೆಂಗಳೂರು:

ದಯವಿಟ್ಟು. ನಾಳೆ ಬುಧವಾರ.

ಮೊನ್ನೆ ಊರಿಗೆ ಹೋದಾಗ ಇಲ್ಲಿನ ಜಗಳ ತಲೇಲಿ ಇಟ್ಕೊಂಡೇ ಪಂಚಾಯ್ತಿ ಸದಸ್ಯೆ ಒಬ್ಬರನ್ನ ಕೇಳ್ದೆ, ಅಮ್ಮಾ ಹಳೇ ಊರು ಅಂತೀರಲ್ಲ, ಅದು ಎಲ್ಲಿಂದ ಎಲ್ಲೀ ತನಕ ಅಂತ. ಅವರು ತಟ್ಟನೆ "ಅಗಸಿ ಒಳಗ" ಅಂದ್ರು. ಊರಬಾಗಿಲು. ಕೋಟೆ ಗೋಡೆ ಅರ್ಧ ಬಿದ್ದಿದೆ, ಬಾಗಿಲಿನ ಕಲ್ಲುಕಂಬ ಮಾತ್ರ ಉಳಿದಿದೆ, ಆದ್ರೂ ಎಲ್ಲರ ಬಾಯಲ್ಲೂ ಅದೇ ಲೆಕ್ಕ. ನಮ್ಮವರು ಮೂರು ತಿಂಗಳು ಅಳತೆ ಮಾಡಿ ನಕ್ಷೆ ಮೇಲೆ ಹಾಕಿದ ಗೆರೆ ಹೆಚ್ಚುಕಡಿಮೆ ಅಲ್ಲೇ ಬಂದು ನಿಂತಿದೆ! ಹಾಗಾಗಿ ಯೋಚ್ನೆ ಏನಂದ್ರೆ, ಕೈಪಿಡಿಯಲ್ಲಿ ಕೋರ್ ಝೋನ್ ಬಫರ್ ಝೋನ್ ಅನ್ನೋ ಬದಲು "ಅಗಸಿ ಒಳಗೆ", "ಅಗಸಿ ಹೊರಗೆ" ಅಂತ ಹಾಕೋದು. ಒಳಗೆ ಮನೆ ಓಣಿ, ಹೊರಗೆ ಗದ್ದೆ ಕಾಲುವೆ. ಬೋರ್ಡಿಗೂ "ಅಗಸಿ ಒಳಗಿನ ಊರು".

ರಾ., ಮೈಸೂರು:

ಗ್ರಂಥಸ್ಥ ರೂಪ ಅಗಸೆ. ಅಗಸೆ ಅಂದ್ರೆ ಎಣ್ಣೆಕಾಳೂ ಹೌದು, ನೆನಪಿರಲಿ.

ಬ., ಕುಷ್ಟಗಿ:

ಅಗಸಿ ಚಟ್ನಿ ರೊಟ್ಟಿಗೆ, ಅಗಸಿ ಬಾಗಲಾ ಊರಿಗೆ. ನಮಗ್ಯಾರಿಗೂ ಗೊಂದಲ ಆಗಿಲ್ಲ ಸರ.

ಆದ್ರ ತಂಗಿ, ಒಂದು ತಡಿ. ಅಗಸಿ ಹೊರಗ ಬರೇ ಗದ್ದಿ ಇರೂದಿಲ್ಲ. ಕೇರಿ ಇರ್ತದ. ಯಾರ ಕೇರಿ ಅಂತ ನಾ ಬಿಡಿಸಿ ಹೇಳಬೇಕಿಲ್ಲ. ಕಲ್ಲು ಹೊತ್ತು ಆ ಕ್ವಾಟಿ ಕಟ್ಟಿದವರನ್ನ ಹೊರಗಿಟ್ಟಾರ, ಈಗ ನೀವು ಒಳಗಿನದು ಪರಂಪರೆ ಅಂತ ಬೋರ್ಡ್ ಹಾಕಿದ್ರ ಅದನ್ನ ಮತ್ತೊಮ್ಮಿ ಬಣ್ಣದಾಗ ಬರದಂಗ. ರಿಪೇರಿಗೆ ಸಹಾಯಧನ ಬಂದ್ರ ಅದೂ ಒಳಗಿನವರಿಗೇ ಹೋಗೂದು. ಪದ ಚಲೋ ಅದ, ಬೋರ್ಡಿಗೆ ಬ್ಯಾಡ.

ಶಾ., ಟೊರಾಂಟೊ:

ಹೌದು. ನನಗೆ ಇದು ಹೊಳೀಲಿಲ್ಲ, ಹೊಳೀಬೇಕಿತ್ತು. ಗೆರೆ ಎಳೆಯೋದು ಅಂದ್ರೆ ಯಾರನ್ನ ಬಿಡೋದು ಅಂತಲೇ.

ಸ., ಬೆಂಗಳೂರು:

ಬ. ಅಣ್ಣಾ, ಥ್ಯಾಂಕ್ಸ್. ಬೆಳಗ್ಗೆಯೇ ಫೋನ್ ಮಾಡಿ ನಕ್ಷೆಯಲ್ಲಿ ಕೇರಿಯನ್ನೂ, ಅಲ್ಲಿನ ಗುಡಿಕಟ್ಟೆಯನ್ನೂ ಸೇರಿಸೋಕೆ ಹೇಳಿದೀನಿ, ಕಾಲುವೆ ತನಕ ಒಂದೇ ಗೆರೆ. ಬೋರ್ಡಿಗೆ ದೊಡ್ಡದಾಗಿ "ಹಳೇ ಊರು", ಕೆಳಗೆ ಚಿಕ್ಕದಾಗಿ "ಪಾರಂಪರಿಕ ಪ್ರದೇಶ" (ಹಂಪಿಯ 2002ರ ಕಾಯ್ದೆಯಲ್ಲೂ ಏರಿಯಾ ಅಂತಲೇ ಇದೆ, ಫೈಲಿಗೂ ಹೊಂದುತ್ತೆ), ಅದರ ಕೆಳಗೆ "ಯಾರೂ ಮನೆ ಬಿಡಬೇಕಿಲ್ಲ. ಹೊರಗೋಡೆ, ಮಾಳಿಗೆ ರಿಪೇರಿಗೆ ಮುಂಚೆ ಪಂಚಾಯ್ತಿಯಲ್ಲಿ ಕೇಳಿ". ಸಂರಕ್ಷಣೆ, ವಲಯ, ಜಿಲ್ಲೆ ಮೂರೂ ತೆಗೆದೆ.

ಪಿ.ಗೌ., ಹಾಸನ:

ಹಳೆ, ಊರು. ಎರಡೂ ಅಚ್ಚಗನ್ನಡ. ಮೇಶ್ಟ್ರೇ, ಗಮನಿಸಿ.

ರಾ., ಮೈಸೂರು:

ಚಿಕ್ಕ ಅಕ್ಷರದಲ್ಲಿ ಪಾರಂಪರಿಕ ಇದೆ, ನೀವೂ ಗಮನಿಸಿ. ಸ. ಅವರೇ, ಹಳೇ ಅಲ್ಲ, "ಹಳೆಯ ಊರು". ಫಲಕದ ಮೇಲೆ ಆಡುರೂಪ ಬೇಡ.

ಸ., ಬೆಂಗಳೂರು:

ಬರೆಸಿಯಾಯ್ತು ಸಾರ್. ಪೇಂಟರು ಅಕ್ಷರಕ್ಕೆ ಲೆಕ್ಕ ಹಾಕಿ ತಗೋತಾರೆ, ಒಂದು ಅಕ್ಷರ ಉಳೀತು.